ಅವರ ಮಾತು, ನನ್ನ ದನಿ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ನಾನು ಏಳು ವರ್ಷ ಆಫೀಸಿನ ಕೆಲಸ ಮಾಡಿದೆ. ಹಾಜರಿ ಬರೆಯುವುದು, ಗೇಟ್ ಪಾಸ್ ಕೊಡುವುದು, ಅದರ ಜೊತೆಗೆ ಮೈಕಿನಲ್ಲಿ ಹೇಳುವುದು. ಮೂರನೇ ಲೈನಿನವರು ಊಟಕ್ಕೆ ಹೋಗಬಹುದು, ಕನಕಪುರದ ಬಸ್ಸು ಹೊರಡುತ್ತಿದೆ, ಇಂಥವರ ಮನೆಯಿಂದ ಫೋನ್ ಬಂದಿದೆ ಆಫೀಸಿಗೆ ಬನ್ನಿ. ಹೊಲಿಗೆ ಮಿಷಿನ್ನುಗಳ ಸದ್ದಿನ ಮೇಲೂ ನನ್ನ ದನಿ ಕೇಳಿಸುತ್ತಿತ್ತು. ಮುಖ ನೋಡಿರದ ಹೆಂಗಸರೂ ನನ್ನನ್ನು ಗುರುತಿಸುತ್ತಿದ್ದರು. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಸಾಕು, ಹಿಂದಿನ ಸೀಟಿನಿಂದ ಯಾರಾದರೊಬ್ಬರು, "ಓ, ಮೈಕಿನ್ ಅಕ್ಕ ನೀವೇನಾ?" ಅನ್ನುತ್ತಿದ್ದರು.

ಆ ಘಟಕ ಮುಚ್ಚಿದಾಗ ಎಲ್ಲರೂ ಅವರವರ ದಾರಿ ಹಿಡಿದರು. ನಾನು ರಾಮನಗರಕ್ಕೆ ಬಂದೆ. ನನ್ನೂರು ಕೂಟಗಲ್ ಕಡೆಯದು, ಆದರೆ ಅಪ್ಪ ಅವ್ವ ಹೋದಮೇಲೆ ಅಲ್ಲಿ ನನಗೆ ಅಂತ ಬಾಗಿಲು ಇರಲಿಲ್ಲ. ಮದುವೆಯಾಗಿರಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಒಂದೆರಡು ಕಡೆ ನೋಡಿದರು, ಕೂಡಿಬರಲಿಲ್ಲ, ಆಮೇಲೆ ನೋಡುವವರೂ ಇರಲಿಲ್ಲ, ಅಷ್ಟೇ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಸಾಬರ ಕುಟುಂಬದ ಮನೆಯ ಮಹಡಿಯ ಮೇಲೆ ಒಂದು ರೂಮು, ಒಂದು ಅಡುಗೆ ಕೋಣೆ ಸಿಕ್ಕಿತು. ಕೆಳಗಡೆ ಬಿಸಿನೀರಿನಲ್ಲಿ ಗೂಡು ಬೇಯಿಸುವ ವಾಸನೆ, ದಿನವಿಡೀ ರಾಟೆ ತಿರುಗುವ ಸದ್ದು. ಮೊದಲ ವಾರ ತಲೆನೋವು ಬಂತು. ಆಮೇಲೆ ಮೂಗೂ ಕಿವಿಯೂ ಒಗ್ಗಿಕೊಂಡವು.

ಫ್ಯಾಕ್ಟರಿಯಲ್ಲಿ ಜೊತೆಗಿದ್ದ ಹುಡುಗಿಯೊಬ್ಬಳು ಒಂದು ದಿನ ಫೋನ್ ಮಾಡಿ, "ಅಕ್ಕ, ದನಿ ಮಾರೋ ವೆಬ್‌ಸೈಟ್ ಐತೆ ಕಣಕ್ಕ. ನಿಮ್ಮ ದನಿ ಹಾಕಿ ನೋಡಿ" ಅಂದಳು. ನನಗೆ ನಗು ಬಂತು. ಆದರೂ ಅವಳು ಕಳಿಸಿದ್ದನ್ನು ತೆರೆದು ನೋಡಿದೆ. ಚಿತ್ರ ಬರೆಯುವವರು, ಹಾಡಿಗೆ ಸಂಗೀತ ಕೂರಿಸುವವರು, ಜಾಹೀರಾತಿಗೆ ಓದುವವರು, ಎಲ್ಲ ದೇಶದವರೂ ಅಲ್ಲಿ ಸಾಲಾಗಿ ನಿಂತಿದ್ದರು, ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದಷ್ಟು ನಕ್ಷತ್ರಗಳು. ಕೆಲಸ ಬೇಕಾದವರು ಬಂದು ಕೇಳಿ, ನೋಡಿ, ಆರಿಸಿಕೊಂಡು ಹೋಗುತ್ತಾರೆ. ನಾನೂ ಒಂದು ಪ್ರೊಫೈಲ್ ಮಾಡಿದೆ. ಹಳೇ ಫೋಟೋ ಹಾಕಿದೆ. ಮೂರು ಸ್ಯಾಂಪಲ್ ಓದಿ ಹಾಕಿದೆ. ಒಂದು ಜಾಹೀರಾತು, ಒಂದು ಮಕ್ಕಳ ಕಥೆ, ಇನ್ನೊಂದು ನಾನೇ ಬರೆದ, ಹಳ್ಳಿಯಲ್ಲಿ ಬೆಳಗಾಗುವುದರ ಬಗ್ಗೆ ನಾಲ್ಕು ಸಾಲು.

ಎರಡು ತಿಂಗಳು ಯಾರೂ ಬರಲಿಲ್ಲ. ಆಮೇಲೆ ಬಂದವರು ಕೇಳಿಸಿಕೊಂಡು ಹೋದರು. ಒಬ್ಬರು ಮಾತ್ರ ಉಪಕಾರ ಮಾಡಿದಂತೆ ಕಾರಣ ಬರೆದರು. ದನಿ ಚೆನ್ನಾಗಿದೆ, ಆದರೆ ಹಳ್ಳಿಯ ಛಾಯೆ ಇದೆ, ನಮಗೆ ಎಲ್ಲರಿಗೂ ಒಪ್ಪುವ ಕನ್ನಡ ಬೇಕು ಅಂತ. ಅಂದಿನಿಂದ ನಾನು ಕನ್ನಡಿ ಮುಂದೆ ನಿಂತು ಕನ್ನಡ ಕಲಿತೆ. ಐತೆ ಅಲ್ಲ, ಇದೆ. ಬತ್ತೀನಿ ಅಲ್ಲ, ಬರುತ್ತೇನೆ. ಅನ್ನ ಬಸಿಯುತ್ತಾ, ಬಟ್ಟೆ ಒಣಹಾಕುತ್ತಾ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಕೆಳಗಿನ ಮನೆಯಾಕೆ ಮೆಟ್ಟಿಲ ಮೇಲೆ ನಿಂತು, "ಯಾರು ಬಂದವ್ರೆ ಅಕ್ಕ, ಮೇಲೆ? ಬರುತ್ತೇನೆ ಬರುತ್ತೇನೆ ಅಂತಾನೇ ಇದೀರಾ, ಹೋಗೋದೇ ಕಾಣೆ" ಅಂತ ಕೇಳಿದರು. "ಫೋನಲ್ಲಿದ್ದೆ" ಅಂದೆ.

ನಿಧಾನಕ್ಕೆ ಕೆಲಸ ಬರತೊಡಗಿತು. ಆಸ್ಪತ್ರೆಗೆ ಫೋನ್ ಮಾಡಿದರೆ "ಕನ್ನಡಕ್ಕಾಗಿ ಒಂದನ್ನು ಒತ್ತಿ" ಅನ್ನುವ ದನಿ, ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ" ಅನ್ನುವ ದನಿ, ಯಾವುದೋ ಗೊಬ್ಬರದ ವಿಡಿಯೋ. ಯಾರಿಗೆ ಓದುತ್ತಿದ್ದೇನೆ ಅನ್ನುವುದು ಬಹಳ ಸಲ ಗೊತ್ತಾಗುತ್ತಿರಲಿಲ್ಲ. ಫೈಲ್ ಕಳಿಸುತ್ತಿದ್ದೆ, ನಕ್ಷತ್ರ ಬರುತ್ತಿತ್ತು, ಮುಗಿಯಿತು. ಕಬ್ಬಿಣದ ಬೀರುವಿನ ಬಾಗಿಲು ತೆಗೆದು, ಒಳಗೆ ತೂಗುಹಾಕಿದ ಸೀರೆಗಳ ನಡುವೆ ಮೈಕ್ ಇಟ್ಟು, ಬೆನ್ನಿಗೆ ಕಂಬಳಿ ಹೊದ್ದು ನಾನು ಓದುತ್ತಿದ್ದೆ. ಬಟ್ಟೆಗೆ ಮಾತು ತಾಗಿದರೆ ರೂಮು ಗುಂಯ್ ಅನ್ನುವುದಿಲ್ಲ. ಆದರೆ ಕೆಳಗಿನ ರಾಟೆಯ ಸದ್ದಿಗೆ ಏನೂ ಮಾಡುವ ಹಾಗಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಮಾತ್ರ ಗಂಡಸರು ನಮಾಜಿಗೆ ಹೋಗುವಾಗ ರಾಟೆ ನಿಲ್ಲಿಸುತ್ತಿದ್ದರು, ಮತ್ತೆ ಶುರುವಾಗುವುದು ಊಟ ಮುಗಿದ ಮೇಲೆ. ವಾರದ ಕೆಲಸವನ್ನೆಲ್ಲ ಆ ಎರಡು ಗಂಟೆಗೆ ಕೂಡಿಟ್ಟುಕೊಳ್ಳುತ್ತಿದ್ದೆ. ಇಡೀ ಬೀದಿ ಸುಮ್ಮನಾದಾಗ ನಾನೊಬ್ಬಳು ಬೀರುವಿನೊಳಗೆ ತಲೆಯಿಟ್ಟು ಮಾತಾಡುತ್ತಿದ್ದೆ.

ಒಂದು ಸಲ ಚನ್ನಪಟ್ಟಣದಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಅಲ್ಲಿ ಫ್ಯಾಕ್ಟರಿಯ ಹಳೇ ಗೆಳತಿಯೊಬ್ಬಳ ಮಗುವಿನ ನಾಮಕರಣವಿತ್ತು, ಮುಗಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಬಂದಿದ್ದೆ. ಬೆನ್ನ ಹಿಂದೆ ನನ್ನ ದನಿ ಕೇಳಿಸಿತು. "ಬನ್ನಿ ಬನ್ನಿ, ಹಬ್ಬದ ಹೊಸ ಸೀರೆಗಳು ಬಂದಿವೆ." ತಿರುಗಿ ನೋಡಿದರೆ ಆಟೋ ಮೇಲೆ ಕಟ್ಟಿದ ಸ್ಪೀಕರ್. ಬೆಂಗಳೂರಿನ ಯಾರೋ ಓದಿಸಿಕೊಂಡಿದ್ದ ಜಾಹೀರಾತು ಇಲ್ಲಿಗೆ ಬಂದಿತ್ತು. ನಗುತ್ತಾ ಕರೆಯುವ, ಮನೆ ತುಂಬ ಜನ ಇರುವ ಹೆಂಗಸಿನ ದನಿ ಅದು. ಬದನೆಕಾಯಿ ತೂಗುತ್ತಿದ್ದ ಹೆಂಗಸಿಗೆ, "ಅದು ನಂದೇ ದನಿ" ಅನ್ನೋಣ ಅಂತ ಬಾಯಿ ತೆರೆದೆ. ಆಕೆ, "ಸೊಪ್ಪು ಬೇಕೇನವ್ವ?" ಅಂದಳು. ಬೇಡ ಅಂದೆ. ಆಟೋ ತಿರುವಿನಲ್ಲಿ ಮರೆಯಾಗುವತನಕ ನಿಂತಿದ್ದು ಬಸ್ ಹತ್ತಿದೆ.

ಆ ವರ್ಷದ ಕೊನೆಗೆ ಒಂದು ಮೆಸೇಜ್ ಬಂತು. ಕಳಿಸಿದವರ ಹೆಸರಿನ ಜಾಗದಲ್ಲಿ ಎರಡು ಇಂಗ್ಲಿಷ್ ಅಕ್ಷರ, ಫೋಟೋ ಇಲ್ಲ, ಊರು ನಾಗಪುರ ಅಂತಿತ್ತು. ಒಳಗೆ ಮಾತ್ರ ಕನ್ನಡ.

"ನಿನ್ ಮೂರನೇ ಸ್ಯಾಂಪಲ್ಲಲ್ಲಿ ಒಂದ್ಸಲ ಐತೆ ಅಂದಿದ್ದೀಯ. ಬೇಕು ಅಂತ ಅಂದ್ಯಾ, ಬಾಯಿ ತಪ್ಪಿ ಬಂತಾ?"

ಹಳೇ ಸ್ಯಾಂಪಲ್ ತೆಗೆಯುವುದನ್ನು ಮರೆತಿದ್ದೆ. ಕ್ಷಮಿಸಿ ಸರ್, ಬಾಯಿ ತಪ್ಪಿ ಬಂತು, ಸರಿಮಾಡಿ ಕಳಿಸುತ್ತೇನೆ ಅಂತ ಬರೆದೆ.

"ಸರಿ ಮಾಡಬ್ಯಾಡ. ನಂಗೆ ಅದೇ ಬೇಕಾಗಿರೋದು. ಸರ್ ಅನ್ನಬ್ಯಾಡ, ಅಕ್ಕ ಅನ್ನು."

ಅವರು ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ನರ್ಸ್ ಆಗಿ ನಾಗಪುರದಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಚಿಕ್ಕಂದಿನ ನೆನಪುಗಳನ್ನು ಬರೆಯುತ್ತಿದ್ದೇನೆ, ಒಂದೊಂದಾಗಿ ಕಳಿಸುತ್ತೇನೆ, ನಮ್ಮ ಕಡೆ ಮಾತಾಡುವ ಹಾಗೇ ಓದಿ ಕಳಿಸು ಅಂದರು. ಮೊದಲ ಬರಹ ಹುಳದ ಮನೆಯದು. "ಹುಳ ಜ್ವರಕ್ಕೆ ಕುಂತ್ರೆ ನಮ್ಮವ್ವ ನಮ್ಮನ್ನ ಒಳೀಕೆ ಬುಡ್ತಿರ್ನಿಲ್ಲ. ಬಾಗಿಲ ಸಂದೀಲಿ ಇಣುಕಿ ನೋಡ್ತಿದ್ದೊ. ತಲೆ ಎತ್ಕಂಡು ಅಲ್ಲಾಡ್ದಂಗೆ ಕುಂತಿರವು, ದೇವರ ಮನೇಲಿ ಜನ ಕುಂತಂಗೆ." ರೇಷ್ಮೆ ಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು ಸುಮ್ಮನಾಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾನೂ ಅಂಥದೇ ಮನೆಯಲ್ಲಿ ಬೆಳೆದವಳು. ಬೀರುವಿನೊಳಗೆ ಅದನ್ನು ಓದುವಾಗ ಕನ್ನಡಿ ಮುಂದೆ ಕಲಿತದ್ದೆಲ್ಲ ತಾನಾಗಿ ಕಳಚಿತು.

ಅವರು ಕೇಳಿಸಿಕೊಂಡು ಬರೆದರು: "ಚೆನ್ನಾಗೈತೆ. ಆದ್ರೆ ಮೆತ್ತಗಾಯ್ತು. ನಮ್ಮವ್ವ ಮೆತ್ತನೆ ಹೆಂಗಸಲ್ಲ. ಒಸಿ ಗಟ್ಟಿಯಾಗಿ ಇನ್ನೊಂದ್ಸಲ."

ಹೀಗೆ ಎಂಟು ತಿಂಗಳು. ಪ್ರತಿ ಸೋಮವಾರ ಬರಹ ಬರುತ್ತಿತ್ತು, ಶುಕ್ರವಾರ ಓದಿ ಕಳಿಸುತ್ತಿದ್ದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ ಹೋದದ್ದು, ಅಣ್ಣ ಹೆಗಲ ಮೇಲೆ ಕೂರಿಸಿಕೊಂಡು ಅರ್ಕಾವತಿ ಹೊಳೆ ದಾಟಿಸಿದ್ದು. ಬರಹದಲ್ಲಿ ಅಣ್ಣ ಬಹಳ ಬರುತ್ತಿದ್ದ. ನಡುನಡುವೆ ಒಂದೆರಡು ಮಾತೂ ಆಗುತ್ತಿತ್ತು. ಏನ್ ಅಡುಗೆ ಅಂತ ಅವರು ಕೇಳುತ್ತಿದ್ದರು. ನನ್ನನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಉಪ್ಸಾರು ಅಂತ ಬರೆಯಲೋಸ್ಕರ ಎಷ್ಟೋ ಸಲ ಉಪ್ಸಾರು ಮಾಡಿದ್ದೇನೆ. ಒಬ್ಬಳಿಗೆ ಅಂತ ಯಾರು ಅಷ್ಟೆಲ್ಲ ಮಾಡಿಕೊಳ್ಳುತ್ತಾರೆ.

ಅವರ ದನಿ ಒಂದೇ ಒಂದು ಸಲ ಕೇಳಬೇಕು ಅನ್ನಿಸುತ್ತಿತ್ತು. ವಾರವಾರ ಅವರು ನನ್ನನ್ನು ಕೇಳುತ್ತಾರೆ, ನಾನು ಅವರನ್ನು ಕೇಳಿಲ್ಲ. ಒಂದು ಪದವನ್ನು ಹೇಗೆ ಹೇಳಬೇಕು ಅನ್ನುವ ನೆಪ ಮಾಡಿ, ಆ ವೆಬ್‌ಸೈಟಿನಲ್ಲೇ ಮಾತಾಡುವ ವ್ಯವಸ್ಥೆ ಇದೆ, ಐದು ನಿಮಿಷ ಮಾತಾಡೋಣವೇ ಅಕ್ಕ ಅಂತ ಕೇಳಿದೆ. "ಬ್ಯಾಡ. ಬರ್ದೇ ಕೇಳು" ಅಂದರು. ಇನ್ನೊಂದು ತಿಂಗಳು ಬಿಟ್ಟು ಮತ್ತೆ ಕೇಳಿದೆ. ಉತ್ತರವೇ ಬರಲಿಲ್ಲ. ಮುಂದಿನ ಸೋಮವಾರ ಬರಹ ಮಾತ್ರ ಬಂತು. ನನಗೆ ನಾಚಿಕೆಯೂ ಸಿಟ್ಟೂ ಆಯಿತು. ಕೆಲಸ ಕೊಟ್ಟವರು, ಕೆಲಸ ಮಾಡುವವಳು, ಅಷ್ಟೇ ನಮ್ಮ ನಡುವೆ ಇರುವುದು, ಅಡುಗೆ ಏನು ಅಂತ ಕೇಳಿದ ಮಾತ್ರಕ್ಕೆ ನೆಂಟರಾಗಿಬಿಡುತ್ತಾರಾ ಅಂತ ನನಗೆ ನಾನೇ ಹೇಳಿಕೊಂಡೆ. ಎರಡು ವಾರ ಬರೀ ಫೈಲ್ ಕಳಿಸಿದೆ, ಒಂದಕ್ಷರ ಜಾಸ್ತಿ ಬರೆಯಲಿಲ್ಲ. ಕೊನೆಯ ಬರಹ ಓದಿ ಕಳಿಸಿದ ಮರುದಿನ ಬಂದ ಮೆಸೇಜ್ ಹೀಗಿತ್ತು:

"ಕೋಪ ಮಾಡ್ಕಬ್ಯಾಡ ಕಣವ್ವ. ನಂಗೆ ಮಾತು ಬರಾಕಿಲ್ಲ. ಗಂಟಲಲ್ಲಿ ಗಂಟಾಗಿ ಮಾತಾಡೋ ಪೆಟ್ಟಿಗೇನೇ ತೆಗೆದು ಎರಡು ವರ್ಸ ಆಯ್ತು. ಮುಂದಿನ ತಿಂಗಳು ನಾನು ಊರಿಗೆ ಬತ್ತಾ ಇವ್ನಿ. ಮೂವತ್ತಾರು ವರ್ಸ ಆದ್ಮೇಲೆ. ಒಂದು ದಿನ ನನ್ ಜತೇಲಿ ಬಂದು ನನ್ ಮಾತು ಆಡ್ತೀಯಾ?"

ಆ ಮೆಸೇಜನ್ನು ಎರಡು ಸಲ ಓದಿದೆ. ನನ್ನ ಎರಡು ವಾರದ ಸಿಟ್ಟು ನೆನೆದು ಕಿವಿ ಬಿಸಿಯಾಯಿತು. ಬರುತ್ತೇನೆ ಅಂತ ಬರೆದೆ. ಕೈ ತಡೆದು ಅಳಿಸಿ, ಬತ್ತೀನಿ ಅಕ್ಕ ಅಂತ ಬರೆದೆ.

ಅವರು ಅದನ್ನೂ ಒಂದು ಆರ್ಡರ್ ಆಗಿಯೇ ಹಾಕಿದರು. ಸುಮ್ಮನೆ ಬರುತ್ತೇನೆ ಅಂದರೆ ಒಪ್ಪಲಿಲ್ಲ. ಆ ವೆಬ್‌ಸೈಟಿನಲ್ಲಿ ಫೋನ್ ನಂಬರ್ ಬರೆದರೆ ತಾನಾಗಿ ಅಳಿಸಿಹೋಗುತ್ತದೆ, ಅಂಕಿಯ ಜಾಗದಲ್ಲಿ ಚುಕ್ಕಿಗಳು ಕಾಣುತ್ತವೆ. ಹಾಗಾಗಿ ಗುರುತು ಹೇಳಿಕೊಂಡೆವು. ರಾಮನಗರದ ರೈಲ್ವೆ ಸ್ಟೇಷನ್, ಬೆಳಗಿನ ಮೈಸೂರು ಗಾಡಿ, ಹಸಿರು ಸೀರೆ, ಕತ್ತಿಗೆ ಬಿಳಿ ಬಟ್ಟೆ.

ಗಾಡಿಯಿಂದ ಇಳಿದವರಲ್ಲಿ ಅವರನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ. ಎತ್ತರದ ಹೆಂಗಸು, ಕತ್ತರಿಸಿದ ನರೆಗೂದಲು, ನಡೆಯುವಾಗ ಇನ್ನೂ ಆಸ್ಪತ್ರೆಯ ವಾರ್ಡಿನಲ್ಲಿ ನಡೆಯುವ ಬಿರುಸು. ಕತ್ತಿನ ಸುತ್ತ ಬಿಳಿ ಬಟ್ಟೆ. ನನ್ನೆದುರು ನಿಂತು, ನನ್ನ ಬಾಯಿಯ ಕಡೆ ಬೆರಳು ತೋರಿಸಿ, ಮಾತಾಡು ಅನ್ನುವಂತೆ ಕೈಯಾಡಿಸಿದರು.

"ಅಕ್ಕ, ನಾನೇ. ಬಂದ್ರಾ? ಪ್ರಯಾಣ ಚೆನ್ನಾಗಿತ್ತಾ?"

ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ನನ್ನ ಕೆನ್ನೆ ತಟ್ಟಿದರು.

ಕನಕಪುರದ ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಅವರ ಮಡಿಲಲ್ಲಿ ಒಂದು ನೋಟ್‌ಬುಕ್. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದು ಇದೆಯಂತೆ, ಬ್ಯಾಗಿನಿಂದ ತೆಗೆದು ತೋರಿಸಿದರು. ನಾಗಪುರದಲ್ಲಿ ತರಕಾರಿಯವರ ಹತ್ತಿರ ಅದರಲ್ಲೇ ಮಾತಾಡುತ್ತಾರಂತೆ. ಮತ್ತೆ ಒಳಗಿಟ್ಟು ಬರೆದರು: "ನಮ್ಮಣ್ಣನ ಮುಂದೆ ಇದು ಬ್ಯಾಡ. ಇದ್ರಲ್ಲಿ ಯಾರ್ ಮಾತಾಡಿದ್ರೂ ಒಂದೇ ಥರ."

ಬಸ್ಸು ಹೋಗುತ್ತಿರುವಾಗ ಮಿಕ್ಕದ್ದನ್ನೂ ಬರೆದು ತೋರಿಸಿದರು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಅಣ್ಣ ಗೊತ್ತುಮಾಡಿದ ಗಂಡನ್ನು ಒಲ್ಲೆನೆಂದು ನರ್ಸಿಂಗ್ ಓದಲು ಹೊರಟುಹೋದರು. ಗಂಡು ಅತ್ತಿಗೆಯ ತಮ್ಮ. ಅಣ್ಣ, ಇನ್ನು ಈ ಹೊಸ್ತಿಲು ತುಳಿಯಬೇಡ ಅಂದ. ಅವ್ವ ತೀರಿಕೊಂಡ ಸುದ್ದಿ ಇವರಿಗೆ ತಲುಪಿದ್ದು ತಿಥಿಯೂ ಮುಗಿದ ಮೇಲೆ, ದೂರದ ನೆಂಟರೊಬ್ಬರಿಂದ. ಆಮೇಲೆ ಬರೆದ ಎರಡು ಕಾಗದ ತೆರೆಯದೆ ವಾಪಸ್ ಬಂದವು. ಒಂದು ಹಾಳೆಯನ್ನು ನೋಟ್‌ಬುಕ್ಕಿನಿಂದ ಹರಿದು ನನ್ನ ಕೈಗೆ ಕೊಟ್ಟರು. ಅಲ್ಲಿ ನಾನು ಆಡಬೇಕಾದ ಮಾತಿತ್ತು. ಕೆಳಗೆ ಇನ್ನೊಂದು ಸಾಲು: "ಇವರು ಹಿಂಗಂತಾವ್ರೆ ಅನ್ನಬ್ಯಾಡ. ನಾನು ಅನ್ನು."

ನಾನು ಮನಸ್ಸಿನಲ್ಲೇ ನಾಲ್ಕೈದು ಸಲ ಓದಿಕೊಂಡೆ. ಸೀರೆಯ ಜಾಹೀರಾತನ್ನೂ ಲಿಫ್ಟಿನ ಬಾಗಿಲನ್ನೂ ಓದಿದವಳಿಗೆ ಆ ಆರು ಸಾಲು ಓದುವಾಗ ಬಾಯಿ ಒಣಗಿತು.

ಕನಕಪುರದಲ್ಲಿ ಇಳಿದು ಆಟೋ ಹಿಡಿದು ಹಳ್ಳಿಗೆ ಹೋದೆವು. ಮನೆ ಹೊಸದಾಗಿ ಕಟ್ಟಿಸಿದ್ದು, ಮುಂದೆ ಶೀಟಿನ ಚಪ್ಪರ. ಚಪ್ಪರದಡಿ ಒಬ್ಬ ಹೆಂಗಸು ಹಿಪ್ಪುನೇರಳೆ ಸೊಪ್ಪಿನ ಕಂತೆ ಬಿಚ್ಚುತ್ತಿದ್ದಳು. ಆಕೆ ಅಣ್ಣನ ಸೊಸೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಬನಿಯನ್, ಪಂಚೆ ತೊಟ್ಟ ಮುದುಕರೊಬ್ಬರು ಕೂತಿದ್ದರು. ಅಕ್ಕ ನನ್ನ ಮುಂಗೈ ಹಿಡಿದರು. ಅವರ ಕೈ ತಣ್ಣಗಿತ್ತು.

"ಯಾರವ್ವ? ಯಾರ್ ಬೇಕಾಗಿತ್ತು?" ಅಂದರು ಮುದುಕರು.

ನಾನು ಹಾಳೆ ನೋಡಲಿಲ್ಲ. "ಅಣ್ಣ, ನಾನು" ಅಂದೆ.

ಅವರು ನನ್ನನ್ನು ನೋಡಿದರು. ವಯಸ್ಸಿನ ಲೆಕ್ಕ ಕೂಡಿಬರಲಿಲ್ಲವೇನೋ, ಹುಬ್ಬು ಗಂಟಾಯಿತು. "ನಾನು ಅಂದ್ರೆ? ನೀನ್ಯಾರವ್ವ?"

ನಾನು ಅಕ್ಕನ ಕಡೆ ಕೈ ತೋರಿಸಿದೆ. ಆಕೆ ಕತ್ತಿನ ಬಟ್ಟೆಯನ್ನು ಒಂದಿಷ್ಟು ಸರಿಸಿದರು, ಅಲ್ಲಿನ ರಂಧ್ರ ಕಾಣುವಷ್ಟು. ಮುದುಕರು ಕುರ್ಚಿಯ ಕೈ ಹಿಡಿದು ಅರ್ಧ ಎದ್ದವರು ಹಾಗೇ ನಿಂತರು. ಸೊಸೆ ಸೊಪ್ಪು ಬಿಟ್ಟು ಬಾಯಿಗೆ ಸೆರಗು ಹಿಡಿದಳು.

"ಅಣ್ಣ, ನಾನು ಬಂದಿವ್ನಿ," ನಾನು ಮುಂದುವರಿಸಿದೆ. "ನಂಗೆ ಮಾತು ಹೋಗೈತೆ, ಅದ್ಕೆ ಈ ಹುಡುಗಿ ದನಿ ತಂದಿವ್ನಿ. ಜಗಳ ಆಡಕ್ಕೆ ಬಂದಿಲ್ಲ. ಪಾಲು ಕೇಳಕ್ಕೂ ಬಂದಿಲ್ಲ. ಒಂದೇ ಒಂದು ಮಾತು ಕೇಳ್ಕಂಡು ಹೊಂಟೋಯ್ತೀನಿ. ಅವ್ವ ಕೊನೆಗಾಲ್ದಲ್ಲಿ ನನ್ನ ಕೇಳಿದ್ಲಾ?"

ಮುದುಕರು ಕುಸಿದಂತೆ ಕೂತರು. ತಂಗಿಯ ಮುಖ ನೋಡಲಾಗದೆ ನನ್ನ ಮುಖವನ್ನೇ ನೋಡುತ್ತಾ ಹೇಳಿದರು.

"ಕೇಳ್ತಿದ್ಲು ಕಣವ್ವ. ದಿನಾ ಕೇಳ್ತಿದ್ಲು. ಹೊತ್ತಾರೆ ಎದ್ದೇಟ್ಗೆ, ಕೂಸು ಬಂತಾ ಅನ್ನೋಳು. ಕಾಗ್ದ ಹಾಕಿವ್ನಿ ಅವ್ವ, ರೈಲಲ್ಲಿ ಬತ್ತಾ ಐತೆ ಅಂತಿದ್ದೆ. ಹಾಕಿರ್ನಿಲ್ಲ." ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. "ಇಪ್ಪತ್ತು ದಿನ ಹಿಂಗೇ ಅಂದೆ. ಆಮೇಲೆ ಕೇಳೋದ ಬುಟ್ಬುಟ್ಲು."

ಪಕ್ಕದಲ್ಲಿ ಅಕ್ಕ ಅಳುತ್ತಿದ್ದರು. ಅಳುವಿಗೂ ದನಿ ಇರಲಿಲ್ಲ. ಕತ್ತಿನ ಬಟ್ಟೆ ಮಾತ್ರ ಜೋರಾಗಿ ಉಬ್ಬಿ ಇಳಿಯುತ್ತಿತ್ತು, ಗಾಳಿ ಎಳೆದುಕೊಳ್ಳುವ ಸದ್ದು. ಹಾಳೆಯಲ್ಲಿದ್ದ ಮಾತು ಮುಗಿದಿತ್ತು. ಆಕೆ ನೋಟ್‌ಬುಕ್ ತೆಗೆದು, ಅಕ್ಷರ ಸೊಟ್ಟಗೆ ಎಳೆದು, ಹಾಳೆ ನನ್ನತ್ತ ತಿರುಗಿಸಿದರು. ಓದಿ ನಾನು ಹಿಂಜರಿದೆ. ಆಕೆ ಹಾಳೆಯ ಮೇಲೆ ಬೆರಳಿನಿಂದ ಕುಟ್ಟಿದರು.

"ಇದ್ನ ನಾನು ಮರೆಯಾಕಿಲ್ಲ ಅಣ್ಣ," ಅಂದೆ, ಆದಷ್ಟು ಮೆತ್ತಗೆ. ಎದುರಿಗಿರುವುದು ಎಪ್ಪತ್ತು ದಾಟಿದ ಜೀವ, ನನಗೇನು ಹಕ್ಕು ಅನ್ನಿಸಿತ್ತು.

ಅಕ್ಕ ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದರು. ತಲೆ ಅಡ್ಡಡ್ಡ ಆಡಿಸಿ, ಮುಷ್ಟಿ ಕಟ್ಟಿ ತೋರಿಸಿದರು. ಎಂಟು ತಿಂಗಳು ಬರೆದು ಬರೆದು ಹೇಳಿದ್ದು ಅದನ್ನೇ, ಗಟ್ಟಿಯಾಗಿ ಇನ್ನೊಂದ್ಸಲ.

"ಇದ್ನ ನಾನು ಮರೆಯಾಕಿಲ್ಲ ಅಣ್ಣ," ಅಂದೆ. ಈ ಸಲ ನನ್ನ ದನಿ ನನಗೇ ಬೇರೆ ಥರ ಕೇಳಿಸಿತು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಸಾಯೋಗಂಟ ಮರೆಯಾಕಿಲ್ಲ. ಆದ್ರೂ ಉಂಡ್ಕಂಡು ಹೋಯ್ತೀನಿ."

ಮುದುಕರು ತಲೆ ತಗ್ಗಿಸಿದರು. ಆಮೇಲೆ, "ಸರಿ ಕಣವ್ವ," ಅಂದರು. ಸೊಸೆಯ ಕಡೆ ತಿರುಗಿ, "ಹಿಟ್ಟಿಗೆ ಎಸರು ಇಡವ್ವ," ಅಂದರು.

ಹುರುಳಿ ಬಸ್ಸಾರು, ಮುದ್ದೆ. ಅಕ್ಕ ಸಣ್ಣಸಣ್ಣ ತುತ್ತು ಮಾಡಿ ನಿಧಾನಕ್ಕೆ ನುಂಗುತ್ತಿದ್ದರು. ಮುದುಕರು ಮಾತಾಡತೊಡಗಿದ್ದರು. ಯಾವ ಹೊಲ ಯಾರ ಪಾಲಾಯಿತು, ಅತ್ತಿಗೆ ಹೇಗೆ ತೀರಿಕೊಂಡಳು, ಈ ಬೆಳೆಯ ಹುಳ ಹೇಗಿದೆ. ಎಲ್ಲವನ್ನೂ ನನ್ನ ಮುಖ ನೋಡಿಯೇ ಹೇಳುತ್ತಿದ್ದರು. ಉತ್ತರ ಬರುವ ಕಡೆ ತಾನೇ ಕಣ್ಣು ಹೋಗುವುದು. ಉಂಡ ಕೈ ತೊಳೆದು ನಾನು ಎದ್ದು ಚಪ್ಪರಕ್ಕೆ ಬಂದೆ. ನಾನಿಲ್ಲದಿದ್ದರೆ ಅವರು ತಂಗಿಯನ್ನೇ ನೋಡಬೇಕಾಗುತ್ತದೆ ಅನ್ನಿಸಿತು. ಒಳಗೆ ತಟ್ಟೆ ಸರಿಸುವ ಸದ್ದು ಕೇಳಿಸಿತು. ಆಮೇಲೆ ಮುದುಕರ ದನಿ ಸಣ್ಣಗೆ ಕೇಳಿಸಿತು, "ನೋವೈತಾ ಅಲ್ಲಿ?"

ಸೊಸೆ ನನ್ನ ಪಕ್ಕ ಬಂದು ಸೊಪ್ಪು ಬಿಡಿಸಲು ಕೂತಳು. ನಾನೂ ಎರಡು ಕಂತೆ ಬಿಚ್ಚಿಕೊಟ್ಟೆ.

"ನೀವು ಅವ್ರಿಗೆ ಏನಾಗ್ಬೇಕು?" ಅಂದಳು.

"ಏನೂ ಆಗ್ಬೇಕಿಲ್ಲ."

"ಮತ್ತೆ?"

"ಕೆಲ್ಸ. ದನಿ ಕೊಡೋದು ನನ್ನ ಕೆಲ್ಸ."

ಆಕೆಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ಒಳಗಿನಿಂದ ಬಂದ ಅಕ್ಕ ನಾಲ್ಕು ದಿನ ಇಲ್ಲೇ ಇರುತ್ತೇನೆ ಅಂತ ಬರೆದು ತೋರಿಸಿದರು. ಇನ್ನು ನಾನು ಬೇಕಿರಲಿಲ್ಲ. ಹೊರಡುವಾಗ ಅಕ್ಕ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. ಅವರ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಬಟ್ಟೆಯ ಹಿಂದೆ ಓಡಾಡುವುದು ಕೇಳಿಸುತ್ತಿತ್ತು. ಮುದುಕರು ನನ್ನ ಫೋನ್ ನಂಬರ್ ಕೇಳಿ ಕ್ಯಾಲೆಂಡರಿನ ಮೇಲೆ ಬರೆಸಿಕೊಂಡರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ರಾಮನಗರಕ್ಕೆ ಬಂದೆ. ಕಂಡಕ್ಟರ್ ಎಲ್ಲಿಗೆ ಅಂದಾಗ ರಾಮನಗರ ಒಂದು ಅಂದೆ. ಅಣ್ಣನ ಎದುರು ಆಡಿದ ಯಾವ ಮಾತೂ ನನ್ನದಲ್ಲ ಅಂತ ಆಗ ಹೊಳೆಯಿತು. ಆ ಮನೆ ಬಿಟ್ಟಮೇಲೆ ನಾನು ನನಗಾಗಿ ಆಡಿದ ಮೊದಲ ಮಾತು ಆ ಟಿಕೆಟ್ಟಿನದು.

ವೆಬ್‌ಸೈಟಿನಲ್ಲಿ ಆ ಆರ್ಡರ್ ಮುಗಿಯಿತು ಅನ್ನಿಸಿಕೊಳ್ಳಬೇಕಾದರೆ ಒಂದು ಫೈಲ್ ಕಳಿಸಲೇಬೇಕಿತ್ತು. ಫೈಲ್ ಎಲ್ಲಿಂದ ತರುವುದು? ಮೈಕ್ ಹಚ್ಚಿ ಹತ್ತು ಸೆಕೆಂಡು ಸುಮ್ಮನೆ ಕೂತು ಕಳಿಸಿದೆ. ರಾಟೆಯ ಸದ್ದು ಮಾತ್ರ ಇತ್ತು ಅದರಲ್ಲಿ. ನಾಗಪುರಕ್ಕೆ ಮರಳಿದ ಮೇಲೆ ಅಕ್ಕ ಅದಕ್ಕೆ ಐದು ನಕ್ಷತ್ರ ಕೊಟ್ಟು, "ಎದುರಿಗೆ ನಿಂತು ಮಾತಾಡ್ತಾಳೆ" ಅಂತ ಅಭಿಪ್ರಾಯ ಬರೆದರು. ಅದನ್ನು ನೋಡಿದ ಬೇರೆಯವರಿಗೆ ಏನು ಅನ್ನಿಸಿತೋ ಗೊತ್ತಿಲ್ಲ.

ಅಕ್ಕ ಊರಿನಿಂದ ಹೋಗಿ ವಾರ ಕಳೆದಿರಲಿಲ್ಲ, ಮುದುಕರ ಫೋನ್ ಬಂತು.

"ಅವ್ವಾ, ನಾನು ಕಣವ್ವ. ಅವಳ್ಗೆ ಹೇಳ್ಬುಡು, ಹುಳ ಚೆನ್ನಾಗವೆ, ನಾಲ್ಕನೇ ಜ್ವರ ದಾಟವೆ ಅಂತ."

ನಾನು ಅಕ್ಕನಿಗೆ ಬರೆದೆ. ಅಕ್ಕ, ಮಂಡಿ ನೋವಿಗೆ ಎಣ್ಣೆ ಹಚ್ಚುತ್ತಿದ್ದಾನಾ ಕೇಳು ಅಂತ ಬರೆದರು. ನಾನು ಫೋನ್ ಮಾಡಿ, "ಅಣ್ಣ, ಮಂಡಿಗೆ ಎಣ್ಣೆ ಹಚ್ತಾ ಇದ್ದೀಯಾ?" ಅಂದೆ. "ಹಚ್ತಾ ಇವ್ನಿ ಅನ್ನು" ಅಂದರು. ಹೀಗೆ ಶುರುವಾದದ್ದು ವಾರಕ್ಕೆ ಎರಡು ಸಲ, ಮೂರು ಸಲ ಆಯಿತು. ಮಳೆ ಬಂತು, ಗೂಡಿಗೆ ಒಳ್ಳೆ ಬೆಲೆ ಸಿಕ್ಕಿತು, ಅವ್ವನ ಕಿವಿಯ ಓಲೆ ಒಂದು ಅವಳಿಗೇ ಅಂತ ಎತ್ತಿಟ್ಟಿದ್ದೇನೆ, ಬಂದಾಗ ತಗೊಂಡು ಹೋಗಲಿ. ಅಕ್ಕನ ಕಡೆಯಿಂದ ಬಯ್ಗುಳವೂ ಬರುತ್ತಿತ್ತು. ಅದನ್ನೂ ಮೆತ್ತಗೆ ಮಾಡದೆ ಹೇಳುತ್ತಿದ್ದೆ. ಮುದುಕರು ನಗುತ್ತಿದ್ದರು. ಆ ಐದಾರು ತಿಂಗಳು ನನ್ನ ರೂಮಿನಲ್ಲಿ ದಿನ ಬಿಟ್ಟು ದಿನ ಫೋನ್ ಹೊಡೆದುಕೊಳ್ಳುತ್ತಿತ್ತು. ಕೆಳಗಿನ ಮನೆಯಾಕೆ ಒಂದು ದಿನ, "ಅಣ್ಣನಾ ಅಕ್ಕ ಫೋನಲ್ಲಿ? ಬಾಳಾ ಪ್ರೀತಿ ಅವ್ರಿಗೆ ನಿಮ್ಮೇಲೆ" ಅಂದರು. ಹೌದು ಅಂದೆ. ಅಲ್ಲ ಅನ್ನಬೇಕು ಅಂತ ಅನ್ನಿಸಲಿಲ್ಲ.

ದೀಪಾವಳಿಯ ಹೊತ್ತಿಗೆ ಸೊಸೆ ಹೊಸ ಫೋನ್ ತೆಗೆದುಕೊಂಡಳು. ಅಕ್ಕನೇ ಸಂತೋಷದಿಂದ ಬರೆದು ತಿಳಿಸಿದರು. ಈಗ ವಿಡಿಯೋದಲ್ಲಿ ಅಣ್ಣನ ಮುಖ ಕಾಣುತ್ತದೆ, ನಾನು ಕೈಸನ್ನೆ ಮಾಡಿದರೆ ಅವನಿಗೆ ತಿಳಿಯುತ್ತದೆ, ತಿಳಿಯದಿದ್ದರೆ ಹಲಗೆ ಮೇಲೆ ಬರೆದು ಹಿಡಿಯುತ್ತೇನೆ, ಸೊಸೆ ಓದಿ ಹೇಳುತ್ತಾಳೆ ಅಂತ. ಬಹಳ ಒಳ್ಳೆಯದಾಯಿತು ಅಕ್ಕ ಅಂತ ಬರೆದೆ. ನಿಜಕ್ಕೂ ಒಳ್ಳೆಯದೇ. ಅವರಿಬ್ಬರ ನಡುವಿನಿಂದ ನಾನು ಹೊರಗೆ ಬರಬೇಕು ಅಂತಲೇ ಅಲ್ಲವೇ ಆ ದಿನ ಊಟದ ಮನೆಯಿಂದ ಎದ್ದು ಚಪ್ಪರಕ್ಕೆ ಬಂದಿದ್ದು. ಫೋನ್ ನಿಂತಿತು. ಅಕ್ಕನ ಮೆಸೇಜುಗಳು ತಿಂಗಳಿಗೊಂದಾದವು, ಆಮೇಲೆ ಹಬ್ಬಕ್ಕೊಂದು. ಬರೆಯುವ ನೆನಪುಗಳು ಮುಗಿದವು ಅಂದರು. ಕೇಳಬೇಕಾದ್ದನ್ನು ಈಗ ಅಣ್ಣನನ್ನೇ ಕೇಳಬಹುದಲ್ಲ.

ಕೆಲಸವೂ ಕಡಿಮೆಯಾಗಿದೆ. ಬರೆದದ್ದನ್ನು ತಾನೇ ಓದುವ ಯಂತ್ರದ ದನಿಗಳು ಬಂದಿವೆ, ಲಿಫ್ಟಿನ ಬಾಗಿಲಿಗೆ ನನ್ನಂಥವಳು ಬೇಕಿಲ್ಲ. ಬರುವ ಒಂದೆರಡು ಕೆಲಸವನ್ನು ಶುಕ್ರವಾರ ಮಾಡಿ ಕಳಿಸುತ್ತೇನೆ. ಮಾಗಡಿಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಓದಿಸಲು ವಾರಕ್ಕೆ ಎರಡು ದಿನ ಕರೆದಿದ್ದಾರೆ, ಹೋಗುತ್ತಿದ್ದೇನೆ.

ಹೋದ ತಿಂಗಳು ಒಂದು ಮಧ್ಯಾಹ್ನ, ಯಾಕೋ ತಡೆಯಲಾಗಲಿಲ್ಲ, ಮುದುಕರಿಗೆ ಫೋನ್ ಮಾಡಿದೆ. ಬಹಳ ಹೊತ್ತು ಹೊಡೆದುಕೊಂಡಮೇಲೆ ಎತ್ತಿದರು.

"ಹೇಳವ್ವ, ಏನಂದ್ಲು ಅವಳು? ಹುಸಾರಾಗವ್ಳಾ?" ಗಾಬರಿಯಾಗಿದ್ದರು.

"ಅವ್ರು ಏನೂ ಹೇಳಿಲ್ಲ. ನಾನೇ ಸುಮ್ನೆ ಮಾಡ್ದೆ."

ಆ ಕಡೆ ಯಾರೋ ಸೊಪ್ಪು ಹಾಕುತ್ತಿದ್ದರೇನೋ, ಹುಳ ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳಿಸುತ್ತಿತ್ತು. ನಾನು ಯಾರ ಮಾತೂ ಇಲ್ಲದೆ ಫೋನ್ ಹಿಡಿದು ನಿಂತಿದ್ದೆ.

"ಉಂಡ್ಯಾ ಅವ್ವ ನೀನು?" ಅಂದರು ಮುದುಕರು.

"ಹೂಂ, ಆಯ್ತು."

"ಏನ್ ಸಾರು?"

ನಾನು ಉಂಡಿರಲಿಲ್ಲ. ಒಲೆಯನ್ನೇ ಹಚ್ಚಿರಲಿಲ್ಲ. "ಅವರೇಕಾಳು" ಅಂದೆ.

"ಒಳ್ಳೇದು. ರಾತ್ರೀಕೂ ಬಿಸಿ ಮಾಡ್ಕಂಡು ಉಣ್ಣು, ತಣ್ಣಂದು ಉಣ್ಬ್ಯಾಡ" ಅಂದು, ಫೋನ್ ಕಟ್ ಮಾಡುವುದು ತಿಳಿಯದೆ ಹಾಗೇ ಎಲ್ಲೋ ಇಟ್ಟರು. ಅವರು ಸೊಸೆಯನ್ನು ಕರೆಯುವುದು, ಆಕೆ ಏನೋ ಅನ್ನುವುದು, ಯಾರೋ ನೀರು ಸುರಿಯುವುದು ಎಲ್ಲ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ಕೇಳುತ್ತಾ ನಿಂತಿದ್ದೆ. ಆಮೇಲೆ ನಾನೇ ಕಟ್ ಮಾಡಿ, ಅಕ್ಕಿ ತೊಳೆಯಲು ಎದ್ದೆ.